ಸಿಸೇರಿಯನ್ ಯಾಕೆ, ಯಾವಾಗ? ಹೆರಿಗೆ ಡಾಕ್ಟರನ್ನು ಕೇಳಿ

ಡಾಕ್ಟರ್: ಒಂದು ಗಂಟೆ ಇರುತ್ತೇನೆ. ಎಷ್ಟನೇ ವಾರ, ಹಿಂದಿನ ಹೆರಿಗೆ ಹೇಗಾಯಿತು, ಇವೆರಡನ್ನೂ ಬರೆದು ಕೇಳಿ.

ನೀಲಿ ಹಕ್ಕಿ: 36 ವಾರ, ಮೊದಲನೇದು. ಮಗುವಿನ ಕುತ್ತಿಗೆಗೆ ಹೊಕ್ಕುಳಬಳ್ಳಿ ಒಂದು ಸುತ್ತು ಬಂದಿದೆಯಂತೆ. ಆಪರೇಷನ್ನೇ ಗತಿನಾ?

ಡಾಕ್ಟರ್: ಅಲ್ಲ. ನಾಲ್ಕೈದು ಮಕ್ಕಳಲ್ಲಿ ಒಂದು ಹೀಗೇ ಹುಟ್ಟುತ್ತದೆ. ತಲೆ ಹೊರಬಂದ ಮೇಲೆ ಬಳ್ಳಿಯನ್ನು ಬೆರಳಿನಿಂದ ಮೆಲ್ಲಗೆ ಸರಿಸುತ್ತೇವೆ. ನೋವು ಶುರುವಾದಾಗ ಮಗುವಿನ ಎದೆಬಡಿತ ಹೇಗಿದೆ ಅನ್ನುವುದು ಮುಖ್ಯ.

ಬೆಳದಿಂಗಳು: ಸಿಸೇರಿಯನ್‌ಗೆ ಮರಗಟ್ಟಿಸಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು. ಎರಡು ವರ್ಷದಿಂದ ಬೆನ್ನು ನೋವು. ಏನು ಮಾಡಲಿ?

ಪುಟ್ಟಿಯ ಅಮ್ಮ: ಎರಡನೇದು, 33 ವಾರ. ಮೊದಲನೇದು ಸಿಸೇರಿಯನ್. ಈ ಸಲ ಮಾಸು (ಪ್ಲಾಸೆಂಟಾ) ಕೆಳಗೆ, ಮುಂಭಾಗದಲ್ಲಿದೆ, ಗರ್ಭಕೋಶದ ಬಾಯಿಯನ್ನು ಮುಚ್ಚಿಕೊಂಡಿದೆ ಅಂತ ರಿಪೋರ್ಟ್. ಹೋದ ವಾರ ರಾತ್ರಿ ಎದ್ದರೆ ಹಾಸಿಗೆ ಮೇಲೆ ಅಂಗೈಯಗಲ ರಕ್ತ. ನೋವಿರಲಿಲ್ಲ, ಬೆಳಗಾಗುವಷ್ಟರಲ್ಲಿ ನಿಂತಿತ್ತು. ದುಪ್ಪಟಿ ಒಗೆದು ಸುಮ್ಮನಾದೆ. ನಾರ್ಮಲ್ ಆಗಲಿ ಅಂತ ಆಸೆ.

ಡಾಕ್ಟರ್: ಇವತ್ತೇ ಆಸ್ಪತ್ರೆಗೆ ಹೋಗಿ. ನಾಳೆ ಅಲ್ಲ. ನೋವಿಲ್ಲದೆ ಬರುವ ರಕ್ತ ಕಂಡರೇ ನನಗೆ ಭಯ ಜಾಸ್ತಿ. ಒಮ್ಮೆ ನಿಂತದ್ದು ಮುಂದಿನ ಸಲ ನಿಲ್ಲದೇ ಹೋಗಬಹುದು.

ಮಾಸು ಬಾಯಿಗೇ ಅಡ್ಡ ಕೂತಿದ್ದರೆ ಮಗು ಬರಲು ದಾರಿಯೇ ಇಲ್ಲ. ಬಾಯಿ ತೆರೆದಷ್ಟೂ ರಕ್ತ ಹೋಗುತ್ತದೆ. ಹಾಗಾಗಿ ನಿಮಗೆ ಸಿಸೇರಿಯನ್ ಬೇಕೇ ಬೇಕು. ನನ್ನ ಚಿಂತೆ ಬೇರೆ. ಹಳೇ ಹೊಲಿಗೆ ಇರುವುದೂ ಅಲ್ಲೇ, ಮುಂಭಾಗದ ಕೆಳಗೆ. ಮಾಸು ಆ ಹೊಲಿಗೆಯೊಳಕ್ಕೆ ಬೇರು ಬಿಟ್ಟಿರಬಹುದು. ಆಗ ಅದು ತಾನಾಗಿ ಬಿಡಿಸಿಕೊಳ್ಳುವುದಿಲ್ಲ, ಎಳೆದರೆ ವಿಪರೀತ ರಕ್ತಸ್ರಾವ. ಮಾಸು ಹೀಗೆ ಅಡ್ಡ ಇದ್ದು, ಹಿಂದೆ ಒಂದು ಸಿಸೇರಿಯನ್ ಆಗಿದ್ದರೆ 100ರಲ್ಲಿ ಸುಮಾರು 11 ಜನರಿಗೆ ಹೀಗಾಗುತ್ತದೆ. ಎರಡು ಆಗಿದ್ದರೆ ಸುಮಾರು 40.

ಅಲ್ಲಿ ಒಂದೇ ಪ್ರಶ್ನೆ ಕೇಳಿ: ಮಾಸು ಹಳೇ ಹೊಲಿಗೆಗೆ ಅಂಟಿದೆಯಾ? ಅನುಭವ ಇರುವವರು ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ನೋಡಲಿ. ಅಂಟಿದ್ದರೆ ರಕ್ತನಿಧಿ, ಐಸಿಯು ಇರುವ ಕಡೆಯೇ ಹೆರಿಗೆ ಆಗಬೇಕು, ಸಾಮಾನ್ಯವಾಗಿ 34ರಿಂದ 36 ವಾರದೊಳಗೆ. ಗರ್ಭಕೋಶ ತೆಗೆಯಬೇಕಾಗಿಯೂ ಬರಬಹುದು. ಹೆದರಿಸಲು ಹೇಳುತ್ತಿಲ್ಲ. ಮೊದಲೇ ಗೊತ್ತಿದ್ದರೆ ರಕ್ತ ತಯಾರಿರುತ್ತದೆ, ತಿಳಿದವರು ಪಕ್ಕದಲ್ಲಿರುತ್ತಾರೆ. ಯಾರೇ ಒಳಗೆ ಕೈಹಾಕಿ ಪರೀಕ್ಷೆ ಮಾಡಲು ಬಂದರೆ, ಮಾಸು ಕೆಳಗಿದೆ ಅಂತ ಮೊದಲು ಹೇಳಿ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನೂ ಹೇಳಿ.

ಸಂಜೆಮಲ್ಲಿಗೆ: ಗ್ರೂಪಿನಲ್ಲಿ ಬಂದದ್ದು: ಒಂಬತ್ತನೇ ತಿಂಗಳಲ್ಲಿ ಹರಳೆಣ್ಣೆ ಕುಡಿದರೆ ನೋವು ಬಂದು ನಾರ್ಮಲ್ ಆಗುತ್ತದೆ, ಆಪರೇಷನ್ ತಪ್ಪುತ್ತದೆ.

ಡಾಕ್ಟರ್: ಇದನ್ನು ಅಳಿಸಿ. ಹರಳೆಣ್ಣೆ ಕುಡಿದರೆ ಭೇದಿಯಾಗಿ ಮೈಯ ನೀರು ಹೋಗುತ್ತದೆ. ಈಗಷ್ಟೇ ಮಾಸು ಅಡ್ಡ ಇರುವವರ ಬಗ್ಗೆ ಬರೆದೆ. ಅವರು ಇದನ್ನು ಓದಿ ಕುಡಿದು, ನೋವು ಬಂದರೆ? ಫಾರ್ವರ್ಡ್ ಮಾಡುವ ಮುಂಚೆ ಯೋಚಿಸಿ.

ಸಂಜೆಮಲ್ಲಿಗೆ: ಒಳ್ಳೇದಕ್ಕೇ ಹಾಕಿದೆ. ಈಗಿನವರಿಗೆ ನೋವು ತಿನ್ನುವ ತಾಳ್ಮೆ ಇಲ್ಲ ಅಷ್ಟೇ. ಸಿಸೇರಿಯನ್ 10% ಸಾಕು ಅಂತ ಡಬ್ಲ್ಯೂಎಚ್ಒನೇ ಹೇಳಿದೆ.

ಅವಳಿ ಅಮ್ಮ: ತಾಳ್ಮೆನಾ? ನಾನು 19 ತಾಸು ನೋವು ತಿಂದೆ. ಗರ್ಭಕೋಶದ ಬಾಯಿ ತೆರೆಯುವುದು 7 ಸೆಂಟಿಮೀಟರ್‌ಗೆ ನಿಂತುಹೋಯಿತು. ಮಗುವಿನ ಬಡಿತ ಇಳಿಯುವ ಸದ್ದು ನನ್ನ ಕಿವಿಗೇ ಕೇಳಿಸುತ್ತಿತ್ತು. ಎರಡು ನೋವಿನ ಮಧ್ಯೆ ಕಾಗದ ಹಿಡಿದರು, ಸಹಿ ಹಾಕಿದೆ. ಯಾಕೆ ಅಂತ ಒಬ್ಬರೂ ಹೇಳಲಿಲ್ಲ. ನನ್ನ ಸಿಟ್ಟು ಅದಕ್ಕೆ, ಆಪರೇಷನ್ ಆದದ್ದಕ್ಕಲ್ಲ.

ಸಂಜೆಮಲ್ಲಿಗೆ: ನಿಮಗೆ ಹೇಳಲಿಲ್ಲ. ಸುಮ್ನೆ ಮೈಮೇಲೆ ಎಳೆದುಕೊಳ್ಳಬೇಡಿ.

ಅವಳಿ ಅಮ್ಮ: ಯಾರಿಗೆ ಹೇಳಿದ್ದು ಮತ್ತೆ?

ಡಾಕ್ಟರ್: 2015ರಲ್ಲಿ ಡಬ್ಲ್ಯೂಎಚ್ಒ ಹೇಳಿದ್ದು ಇಡೀ ಜನಸಂಖ್ಯೆಯ ಲೆಕ್ಕ. 10% ದಾಟಿದ ಮೇಲೆ ತಾಯಿ, ಮಗುವಿನ ಸಾವು ಇನ್ನೂ ಇಳಿದದ್ದು ಕಾಣಲಿಲ್ಲ ಅಂತ. ಅದೇ ಹೇಳಿಕೆಯಲ್ಲಿ, ಒಂದು ಅಂಕಿ ಮುಟ್ಟುವುದಕ್ಕಿಂತ ಬೇಕಾದವರಿಗೆ ಸಿಸೇರಿಯನ್ ಸಿಗುವಂತೆ ನೋಡಿಕೊಳ್ಳಿ ಅಂತಲೂ ಇದೆ. ಒಬ್ಬ ಹೆಂಗಸಿನ ಹೆರಿಗೆಯನ್ನು ಅದರಿಂದ ಅಳೆಯಬೇಡಿ. ಅವಳಿ ಅಮ್ಮ, ಕಾರಣ ಕೇಳುವುದು ನಿಮ್ಮ ಹಕ್ಕಾಗಿತ್ತು. ಎಷ್ಟೇ ಅವಸರ ಇದ್ದರೂ ಎರಡು ವಾಕ್ಯ ಹೇಳಬಹುದಿತ್ತು: ಏನಾಗಿದೆ, ಒಂದು ತಾಸು ಕಾದರೆ ಏನಾಗಬಹುದು.

ಹೊಸ ಅಮ್ಮ: ಸರ್, ಕುತ್ತಿಗೆಗೆ ಬಳ್ಳಿ ಸುತ್ತಿದ್ದರೆ ಸಿಸೇರಿಯನ್ ಬೇಕಾ?

ಡಾಕ್ಟರ್: ಮೇಲೆ ಓದಿ.

ಕಾಡುಮಲ್ಲೆ: ಮೊದಲು ಸಿಸೇರಿಯನ್ ಆದವರಿಗೆ ನಾರ್ಮಲ್ ಆಗುತ್ತದಾ?

ಡಾಕ್ಟರ್: ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಹೊಲಿಗೆ ಒಂದೇ ಆಗಿದ್ದು, ಬೇರೆ ತೊಂದರೆ ಇಲ್ಲದಿದ್ದರೆ, ಪ್ರಯತ್ನಿಸಿದ 100ರಲ್ಲಿ 60ರಿಂದ 80 ಜನರಿಗೆ ಆಗುತ್ತದೆ. ಹೊಲಿಗೆ ಬಿಡುವ ಅಪಾಯ ಸುಮಾರು 200ರಲ್ಲಿ ಒಬ್ಬರಿಗೆ. ಹೊಟ್ಟೆ ಮೇಲಿನ ಗಾಯ ನೋಡಿ ಒಳಗಿನ ಹೊಲಿಗೆ ಗೊತ್ತಾಗಲ್ಲ, ಹಳೇ ಡಿಸ್ಚಾರ್ಜ್ ಕಾಗದ ತೋರಿಸಿ. ತಕ್ಷಣ ಆಪರೇಷನ್ ಮಾಡಬಲ್ಲ ಕಡೆಯೇ ಪ್ರಯತ್ನಿಸಿ.

ಹೊಸ ಅಮ್ಮ: ಓದಿದೆ, ನನ್ನದು ಎರಡು ಸುತ್ತು ಸರ್.

ಡಾಕ್ಟರ್: ಅದೇ ಉತ್ತರ. ಪುಟ್ಟಿಯ ಅಮ್ಮ, ಹೊರಟಿರಾ?

ಸಂಜೆಮಲ್ಲಿಗೆ: ಇಷ್ಟು ಸಿಡುಕುವವರು ಪ್ರಶ್ನೆ ಯಾಕೆ ಕೇಳಿ ಅನ್ನಬೇಕು?

ಡಾಕ್ಟರ್: ಪುಟ್ಟಿಯ ಅಮ್ಮ?

ಪುಟ್ಟಿಯ ಅಮ್ಮ: ದಾರಿಯಲ್ಲಿದ್ದೇವೆ. ಫೈಲ್ ತಂದಿದ್ದೇನೆ. ನನ್ನದು ಒ ನೆಗೆಟಿವ್.

ಡಾಕ್ಟರ್: ಬಾಗಿಲಲ್ಲೇ ಅದನ್ನು ಹೇಳಿ. ಮಗುವಿನ ರಕ್ತ ಪಾಸಿಟಿವ್ ಆಗಿದ್ದರೆ ನಿಮ್ಮ ಮೈ ಅದರ ವಿರುದ್ಧ ತಿರುಗದಂತೆ ಆಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು. ಅಡ್ಮಿಟ್ ಆಗಿ ಅಂದರೆ ಆಗಿ.

ಬೆಳದಿಂಗಳು: ನನ್ನ ಬೆನ್ನು ನೋವಿಗೆ ಯಾರೂ ಉತ್ತರ ಕೊಡಲಿಲ್ಲ.