ಸಹಾಯ ಬೇಕು: ಹುಲ್ಲುಗಾವಲಿನಲ್ಲಿ ಯೂರಿಯಾ ತಗ್ಗಿಸುವುದು ಹೇಗೆ?

ಮಾನ್ಯರೇ, ನ್ಯೂಜಿಲೆಂಡಿನ ಕ್ಯಾಂಟರ್ಬರಿ ಬಯಲಿನ ಹೈನುಗಾರಿಕೆ ಫಾರಂ ಒಂದರಲ್ಲಿ ಹುಲ್ಲುಗಾವಲಿನ ಉಸ್ತುವಾರಿ ನನ್ನದು. 2021ರ ಜುಲೈಯಿಂದ ಇಲ್ಲಿ ಮೇಯಿಸುವ ಭೂಮಿಗೆ ವರ್ಷಕ್ಕೆ ಹೆಕ್ಟೇರಿಗೆ 190 ಕಿಲೋಗಿಂತ ಹೆಚ್ಚು ರಾಸಾಯನಿಕ ಸಾರಜನಕ (ಯೂರಿಯಾದಂಥ ಗೊಬ್ಬರದಲ್ಲಿರುವುದು) ಹಾಕುವಂತಿಲ್ಲ. ನಾವು ಆ ಮಿತಿಯ ಅಂಚಿನಲ್ಲೇ ಇದ್ದೇವೆ. ಮಳೆಯಾಗಲಿ ನೀರಾವರಿಯಾಗಲಿ ಬೇಗ ಸಿಗದಿದ್ದರೆ ಯೂರಿಯಾದ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಹಸುಗಳು ಮೇದ ಸಾರಜನಕದ ಬಹುಪಾಲು ಗಂಜಲವಾಗಿ ಒಂದೊಂದೇ ಜಾಗದಲ್ಲಿ ಬಿದ್ದು, ಹುಲ್ಲು ಹೀರಲಾರದಷ್ಟಾಗಿ, ಈ ಬಯಲಿನ ಜಲ್ಲಿ ತುಂಬಿದ ತೆಳು ಮಣ್ಣಿನ ಮೂಲಕ ನೈಟ್ರೇಟ್ ರೂಪದಲ್ಲಿ ಅಂತರ್ಜಲಕ್ಕೆ ಇಳಿಯುತ್ತದೆ. ದುಡ್ಡು ಕೊಟ್ಟು ತಂದ ಗೊಬ್ಬರ ಹೀಗೆ ನೆರೆಯವರ ಕುಡಿಯುವ ನೀರಿಗೆ ಸೇರಬಹುದೆಂಬ ಚಿಂತೆ ನನ್ನನ್ನು ಬಹಳ ಕಾಡುತ್ತಿದೆ.

ರೈಗ್ರಾಸ್ ಎಂಬ ಮೇವಿನ ಹುಲ್ಲಿನ ನಡುವೆ, ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದುಕೊಳ್ಳುವ ಬಿಳಿ ಕ್ಲೋವರ್ ಎಂಬ ದ್ವಿದಳ ಮೇವನ್ನು ಬೆಳೆಸಿ ಯೂರಿಯಾ ಇಳಿಸಬೇಕೆಂದಿದ್ದೇನೆ. ಆದರೆ ಯೂರಿಯಾ ಹೆಚ್ಚಿದ್ದಲ್ಲಿ ಕ್ಲೋವರ್ ಸೊರಗುತ್ತದೆ, ಒಮ್ಮೆಲೇ ನಿಲ್ಲಿಸಿದರೆ ವಸಂತದ ಆರಂಭದಲ್ಲಿ ಮೇವು ಸಾಲದು. ಇಂಥ ಬದಲಾವಣೆ ಮಾಡಿರುವವರು ಗೊಬ್ಬರವನ್ನು ಯಾವ ಹಂತಗಳಲ್ಲಿ ಇಳಿಸಿದಿರಿ, ಮೊದಲ ವರ್ಷದ ಮೇವಿನ ಕೊರತೆಯನ್ನು ಹೇಗೆ ತುಂಬಿಕೊಂಡಿರಿ ಎಂಬುದನ್ನು ದಯವಿಟ್ಟು ತಿಳಿಸಿಕೊಡಿ.