‘ಪ್ಯಾಟರ್ನ್ ಮ್ಯಾಚಿಂಗ್’ಗೆ ‘ನಮೂನೆ ತಾಳೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ನಾನು ಕಲಬುರಗಿಯಲ್ಲಿ ಡಿಗ್ರಿ ಮಕ್ಕಳಿಗೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತೇನೆ. ಬಹಳಷ್ಟು ಮಂದಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಅದಕ್ಕೇ ನೋಟ್ಸ್ ಕನ್ನಡದಲ್ಲಿ ಬರೆದು ಕೊಡುತ್ತೇನೆ. ಅದರಲ್ಲಿ ಒಂದು ಪದಕ್ಕೆ ನಿಮ್ಮ ಸಹಾಯ ಬೇಕು.

ಪೈಥಾನ್‌ಗೆ ಪ್ಯಾಟರ್ನ್ ಮ್ಯಾಚಿಂಗ್ ಬಂದದ್ದು 2021ರ ಅಕ್ಟೋಬರ್‌ನಲ್ಲಿ, 3.10ನೇ ಆವೃತ್ತಿಯಲ್ಲಿ. ಬಂದ ಮಾಹಿತಿ ಯಾವ ರೂಪದಲ್ಲಿದೆ ಅಂತ ನೋಡಿ, ಅದಕ್ಕೆ ತಕ್ಕ ಕೆಲಸ ಆರಿಸುವ ವಿಧಾನ ಇದು. ಮೇಲೆ ಒಂದು ‘ಮ್ಯಾಚ್’ ಸಾಲು, ಕೆಳಗೆ ಒಂದೊಂದಾಗಿ ‘ಕೇಸ್’ ಸಾಲುಗಳು. ಮೇಲಿನಿಂದ ನೋಡುತ್ತಾ ಬಂದು, ಯಾವುದು ಮೊದಲು ಕೂಡುತ್ತದೋ ಅದರ ಕೆಲಸ ಮಾಡುತ್ತದೆ. ಎಂಎಲ್, ಹ್ಯಾಸ್ಕೆಲ್ ಭಾಷೆಗಳಲ್ಲಿ ಇದು ಹಳೆಯದು. ಜಾವಾ ಭಾಷೆಯಲ್ಲಿ ಇಂಥದೇ ಕೆಲಸಕ್ಕಿರುವ ‘ಸ್ವಿಚ್’ಗೆ 2023ರಲ್ಲಿ, 21ನೇ ಆವೃತ್ತಿಯಲ್ಲಿ ಸೇರಿತು.

ಇಷ್ಟು ದಿನ ‘ಮಾದರಿ ಹೊಂದಿಕೆ’ ಅಂತ ಬರೆಯುತ್ತಿದ್ದೆ. ಒಮ್ಮೆ ಮಂಡಿ ಲೆಕ್ಕದ ಅಭ್ಯಾಸ ಕೊಟ್ಟೆ. ಪ್ರತಿ ದಾಖಲೆಯಲ್ಲಿ ಎರಡು ಅಂಶ: ಯಾವ ಕಾಳು, ಎಷ್ಟು ತೂಕ. ತೊಗರಿಯ ತೂಕ ಮಾತ್ರ ಕೂಡಿಸಬೇಕು. ಒಬ್ಬ ಹುಡುಗಿ ಕೇಸ್ ಸಾಲಿನಲ್ಲಿ (ತೊಗರಿ, ತೂಕ) ಅಂತ ಬರೆದಳು. ತೊಗರಿಗೆ ಉದ್ಧರಣ ಚಿಹ್ನೆ ಹಾಕಲಿಲ್ಲ. ಜೋಳ, ಕಡಲೆ, ಉದ್ದು ಎಲ್ಲವೂ ತೊಗರಿ ಲೆಕ್ಕಕ್ಕೇ ಬಂದು ಬಿದ್ದವು. ಎರರ್ ಕೂಡ ಬರಲಿಲ್ಲ. ಚಿಹ್ನೆ ಇಲ್ಲದ ಬರೀ ಹೆಸರು ಇದ್ದರೆ ಪೈಥಾನ್ ಹೋಲಿಸಿ ನೋಡುವುದಿಲ್ಲ. ಆ ಜಾಗಕ್ಕೆ ಏನು ಬಂತೋ ಅದನ್ನು ಆ ಹೆಸರಿನಲ್ಲಿ ಇಟ್ಟುಕೊಳ್ಳುತ್ತದೆ.

“ಮಾದರಿ ಅಂದ್ರ ಸ್ಯಾಂಪಲ್ ಅಲ್ರಿ ಸರ್? ಅದರಂಗ ಇದ್ರ ಕೂಡ್ತದ ಅಂತ ತಿಳ್ಕೊಂಡಿದ್ದೆ” ಅಂದಳು. ಅವಳದು ತಪ್ಪಲ್ಲ. ನಾನು ಕೊಟ್ಟ ಪದವೇ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿತ್ತು. ಸಾಲದ್ದಕ್ಕೆ ಈಗ ಎಐ ಮಾಡೆಲ್‌ಗೂ ‘ಮಾದರಿ’ ಅನ್ನುತ್ತಾರೆ.

ಆಮೇಲೆ ಹೊಳೆದದ್ದು ‘ನಮೂನೆ’. ನಮ್ಮ ಕಡೆ ಇದು ದಿನಾ ಬಾಯಲ್ಲಿರುವ ಮಾತು. “ಇದು ಯಾವ ನಮೂನಿ ಅದ?” ಅಂದರೆ ಯಾವ ಬಗೆಯದು ಅಂತ. ಪಾರಸಿಯ ‘ನಮೂನಾ’ ಇದರ ಮೂಲ. ಅದೇ ಪದಕ್ಕೆ ಕಚೇರಿಯಲ್ಲಿ ಇನ್ನೊಂದು ಅರ್ಥ ಇದೆ. ಪಂಚಾಯಿತಿಯ ನಮೂನೆ 9, ಬಗರ್‌ಹುಕುಂ ಅರ್ಜಿಯ ನಮೂನೆ 57 ನಿಮಗೆ ಗೊತ್ತೇ ಇದೆ. ಅಲ್ಲಿ ನಮೂನೆ ಅಂದರೆ ಖಾಲಿ ಜಾಗ ಬಿಟ್ಟು ಅಚ್ಚು ಮಾಡಿದ ಹಾಳೆ.

ಕೇಸ್ ಸಾಲು ಮಾಡುವುದೂ ಈ ಎರಡೇ ಕೆಲಸ ಅಲ್ವಾ? ಬಂದದ್ದು ಯಾವ ಬಗೆಯದು ಅಂತ ನೋಡುತ್ತದೆ. ನೋಡುತ್ತಲೇ ಒಳಗಿನ ಭಾಗಗಳಿಗೆ ಹೆಸರು ಕೊಡುತ್ತದೆ. ಚಿಹ್ನೆಯೊಳಗಿನ ‘ತೊಗರಿ’ ಮೊದಲೇ ಅಚ್ಚಾದ ಅಕ್ಷರ, ಅದು ಹಾಗೇ ಇರಬೇಕು. ತೂಕ ಅನ್ನುವುದು ಖಾಲಿ ಜಾಗ, ಏನು ಬಂದರೂ ತುಂಬಿಕೊಳ್ಳುತ್ತದೆ. ಹೀಗೆ ಹೇಳಿದ ದಿನ ಅದೇ ಹುಡುಗಿ ತನ್ನ ತಪ್ಪನ್ನು ತಾನೇ ಹುಡುಕಿ ತಿದ್ದಿಕೊಂಡಳು. ನನಗೆ ತುಂಬಾ ಖುಷಿಯಾಯಿತು.

‘ಹೊಂದಿಕೆ’ ಬಿಡಲೂ ಕಾರಣ ಇದೆ. ಆ ಪದದಲ್ಲಿ ಸ್ವಲ್ಪ ಬಗ್ಗುವ, ಸರಿದೂಗಿಸಿಕೊಳ್ಳುವ ಅರ್ಥ ಬರುತ್ತದೆ. ಇಲ್ಲಿ ಯಾರೂ ಬಗ್ಗುವುದಿಲ್ಲ. ಕೂಡಿದರೆ ಸರಿ, ಇಲ್ಲದಿದ್ದರೆ ಮುಂದಿನ ಸಾಲು. ಲೆಕ್ಕ ‘ತಾಳೆ’ ನೋಡುತ್ತೇವಲ್ಲ, ಅದೇ ಹತ್ತಿರ ಅನಿಸಿತು.

ಬೀದರಿನ ಗೆಳೆಯರೊಬ್ಬರು ‘ಅಚ್ಚು’ ಇರಲಿ ಅಂದರು. ಬಿದ್ರಿ ಸಾಮಾನಿಗೆ ಸತು, ತಾಮ್ರದ ಎರಕ ಹೊಯ್ಯುವ ಅಚ್ಚು ಅವರ ಮನಸ್ಸಿನಲ್ಲಿತ್ತು. ಒಳ್ಳೆಯ ಪದವೇ. ಆದರೆ ‘ಪ್ರಿಂಟ್’ ಅನ್ನುವಲ್ಲಿ ಅಚ್ಚು ಆಗಲೇ ಬಳಕೆಯಲ್ಲಿದೆ, ಮಕ್ಕಳಿಗೆ ಗೊಂದಲ ಜಾಸ್ತಿಯಾಗುತ್ತದೆ.

ಈಗ ನನ್ನ ಪ್ರಶ್ನೆಗಳು. ಮೈಸೂರು, ಮಂಗಳೂರು ಕಡೆಯವರ ಕಿವಿಗೆ ‘ನಮೂನೆ’ಯಲ್ಲಿ ‘ಬಗೆ’ ಅನ್ನುವ ಅರ್ಥ ಕೇಳಿಸುತ್ತದಾ, ಇಲ್ಲಾ ಬರೀ ಅರ್ಜಿ ಫಾರಂ ನೆನಪಾಗುತ್ತದಾ? ಯಾವುದಕ್ಕೂ ಕೂಡದೆ ಉಳಿದದ್ದನ್ನು ಹಿಡಿಯಲು ಕೊನೆಯ ಕೇಸ್‌ನಲ್ಲಿ ಅಂಡರ್‌ಸ್ಕೋರ್ ಹಾಕುತ್ತೇವೆ. ಫಾರಂಗಳ ಕೊನೆಯ ಸಾಲಿನ ಹಾಗೆ ಅದನ್ನು ‘ಇತರೆ’ ಅಂತ ಕರೆಯಬೇಕು ಅಂತಿದ್ದೇನೆ. ಕೇಸ್ ಜೊತೆ ಬರುವ ‘ಇಫ್’ಗೆ ‘ಷರತ್ತು’ ಸಾಕು.

ಸಿಕ್ಕಿಹಾಕಿಕೊಂಡಿರುವುದು ಇನ್ನೊಂದು ಕಡೆ. ರಸ್ಟ್ ಭಾಷೆಯಲ್ಲಿ ಒಂದು ನಮೂನೆ ಬಿಟ್ಟುಹೋದರೂ ಪ್ರೋಗ್ರಾಂ ಕಂಪೈಲ್ ಆಗುವುದಿಲ್ಲ, ಅಂದರೆ ಓಡಿಸುವ ಮೊದಲೇ ತಪ್ಪು ತೋರಿಸಿ ನಿಲ್ಲುತ್ತದೆ. ಪೈಥಾನ್ ಸುಮ್ನೆ ಮುಂದೆ ಹೋಗಿಬಿಡುತ್ತದೆ. ಯಾವುದನ್ನೂ ಬಿಡದೆ ಎಲ್ಲವನ್ನೂ ಹೇಳಿ ಮುಗಿಸಿರುವ ಆ ಗುಣಕ್ಕೆ ಏನನ್ನೋಣ? ‘ಸಮಗ್ರ’ ಬೇಡ, ಅದು ಎಲ್ಲೆಲ್ಲೋ ಬಳಸಿ ಸವೆದಿದೆ. ಹೊಲ, ಮನೆ, ಅಂಗಡಿಯಲ್ಲಿ ಹುಟ್ಟಿದ ಮಾತು ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಬರೆಯಿರಿ.