ಬ್ಯಾರೋಮೀಟರ್‌ಗೆ ಯಾವ ದ್ರವ ಹಾಕಿದ್ರಿ? ಅನುಭವ ಹೇಳಿ

ಹೊಸಬ: ಗಾಳಿಯ ಒತ್ತಡ ಅಳೆಯಲು ಕೊಳವೆ ಬ್ಯಾರೋಮೀಟರ್ ಮಾಡಬೇಕೆಂದಿದ್ದೇನೆ. ಮೇಲ್ತುದಿ ಮುಚ್ಚಿದ ಕೊಳವೆಯಲ್ಲಿ ದ್ರವದ ಕಂಬ ಗಾಳಿಯ ಒತ್ತಡಕ್ಕೆ ತಕ್ಕಂತೆ ಏರಿಳಿಯುತ್ತದಲ್ಲ, ಅದು. ಮನೆ ಒಂದೇ ಅಂತಸ್ತು, ಚಿಕ್ಕ ಮಕ್ಕಳಿದ್ದಾರೆ. ಯಾವ ದ್ರವ ಒಳ್ಳೆಯದು?

ನೀರುಗಂಬ: ನೀರೇ, ಅನುಮಾನವೇ ಬೇಡ. ಮೆಟ್ಟಿಲ ಪಕ್ಕದಲ್ಲಿ 11 ಮೀಟರ್ ಪೈಪು ನಿಲ್ಲಿಸಿದ್ದೇನೆ. ಮೊದಲನೆಯದು ತೆಳು ಪ್ಲಾಸ್ಟಿಕ್. ಮೇಲ್ತುದಿಯ ನಿರ್ವಾತ (ಗಾಳಿಯಿಲ್ಲದ ಜಾಗ) ಎಳೆದು ಮೇಲಿನ ಎರಡು ಮೀಟರ್ ಚಪ್ಪಟೆಯಾಯಿತು. ಎರಡನೆಯದರ ಜಾಯಿಂಟ್‌ನಲ್ಲಿ ಗಾಳಿ ನುಗ್ಗಿತು. ಮೂರನೇ ಸಲ ನೀರು ಕುದಿಸದೆ ತುಂಬಿದೆ, ಬೆಳಗಾಗುವಷ್ಟರಲ್ಲಿ ಗುಳ್ಳೆಗಳೆಲ್ಲ ಮೇಲೆ ಸೇರಿ ಮಟ್ಟ ಕುಸಿದಿತ್ತು. ನಾಲ್ಕನೆಯದು ನಿಂತಿದೆ. ಒಂದು ಹೆಕ್ಟೋಪ್ಯಾಸ್ಕಲ್‌ಗೆ (ಗಾಳಿಯ ಒತ್ತಡದ ಅಳತೆ) ಒಂದು ಸೆಂ.ಮೀ. ಏರಿಳಿತ! ಪಾದರಸದಲ್ಲಿ ಮುಕ್ಕಾಲು ಮಿ.ಮೀ. ಭೂತಗನ್ನಡಿ ಹಿಡಿದು ನೋಡಬೇಕು.

ಹದಿಮೂರೂವರೆ ಪಟ್ಟು: ನಿರ್ವಾತ ಏನನ್ನೂ ಎಳೆಯಲ್ಲ ಸ್ವಾಮಿ. ಹೊರಗಿನ ಗಾಳಿ ಅದುಮಿತು, ಅಷ್ಟೇ. ಇನ್ನು ನಿಮ್ಮ ಏರಿಳಿತ. ಬಿಸಿ 20 ಡಿಗ್ರಿಯಿಂದ 30ಕ್ಕೆ ಹೋದರೆ ಮೇಲಿನ ನೀರಾವಿಯೇ ಮಟ್ಟವನ್ನು ಸುಮಾರು 19 ಸೆಂ.ಮೀ. ಕೆಳಗೆ ತಳ್ಳುತ್ತದೆ. ಬಿಸಿಲು ಬಿದ್ದರೆ ನಿಮ್ಮ ಪೈಪಿನಲ್ಲಿ ಬಿರುಗಾಳಿ! ಬ್ಯಾರೋಮೀಟರ್ ಕಂಡುಹಿಡಿದ ಟಾರಿಚೆಲ್ಲಿ 1640ರ ದಶಕದಲ್ಲೇ ಪಾದರಸ ಹಿಡಿದದ್ದು ಸುಮ್ನೆ ಅಲ್ಲ. ಪಾದರಸ ನೀರಿಗಿಂತ ಹದಿಮೂರೂವರೆ ಪಟ್ಟು ಭಾರ, ಹಾಗಾಗಿ ನನ್ನ ಕಂಬ 76 ಸೆಂ.ಮೀ. ಅಷ್ಟೇ, ಒಂಬತ್ತು ವರ್ಷದಿಂದ ಮೇಜಿನ ಮೇಲಿದೆ. ಹೌದು, ಒಮ್ಮೆ ಒಡೆಯಿತು. ಹನಿಗಳು ನೆಲದ ಸಂದಿಗೆಲ್ಲ ಉರುಳಿದವು. ಕಿಟಕಿ ತೆಗೆದು, ಗಂಧಕದ ಪುಡಿ ಉದುರಿಸಿ, ಮೂರು ದಿನ ಟಾರ್ಚ್ ಹಿಡಿದು ಹುಡುಕಿದೆ. ಪಾದರಸ ತಾಗಿ ಚಿನ್ನದ ಮದುವೆ ಉಂಗುರ ಬೆಳ್ಳಗಾಗಿ ಹೋಯಿತು.

ನೀರುಗಂಬ: ಉಂಗುರ ಕೆಡಿಸಿಕೊಂಡವರು ನಮಗೆ ಬುದ್ಧಿ ಹೇಳ್ತಾರೆ! ಪಕ್ಕದಲ್ಲೇ ಥರ್ಮಾಮೀಟರ್ ಇದೆ ರೀ, ಆವಿಯ ಲೆಕ್ಕ ಸರಿಮಾಡಿಯೇ ಬರೆಯುತ್ತೇನೆ. ಪಾದರಸವೂ ಹಿಗ್ಗುತ್ತೆ, 10 ಡಿಗ್ರಿಗೆ ಸುಮಾರು 1.4 ಮಿ.ಮೀ. ಅದನ್ನು ಯಾಕೆ ಹೇಳಲಿಲ್ಲ?

ಅಂಟುಪುರಾಣ: ಇಬ್ಬರೂ ಗ್ಲಿಸರಿನ್ ಮುಟ್ಟಿದವರಲ್ಲ ಅನ್ಸುತ್ತೆ. ಎಂಟೂಕಾಲು ಮೀಟರ್ ಸಾಕು, ಆವಿಯ ಕಾಟ ಇಲ್ಲವೇ ಇಲ್ಲ. ನಾನು ಕೊಳವೆಯ ಬುಡದ ತೊಟ್ಟಿ ತೆರೆದಿಟ್ಟು ಕೆಟ್ಟೆ. ಗ್ಲಿಸರಿನ್ ಗಾಳಿಯ ತೇವ ಹೀರಿ ನೀರಾಗುತ್ತಾ ಹೋಯಿತು, ಸಾಂದ್ರತೆಯೇ ಬದಲಾಯಿತು. ಒಂದು ಮಳೆಗಾಲದ ದಾಖಲೆ ಪೂರ್ತಿ ಕಸ. ಈಗ ಮೇಲೆ ಎಣ್ಣೆ ಪದರ ಹಾಕಿದ್ದೇನೆ. ಗುಳ್ಳೆ ಮಾತ್ರ ಮೇಲೇರಲು ದಿನಗಟ್ಟಲೆ ತಗೊಳ್ಳುತ್ತೆ.

ನೀರುಗಂಬ: ಅಂಟು ತೊಳೆದು ಮುಗೀತಾ?

ಅಂಟುಪುರಾಣ: ನಿಮ್ಮ ಪೈಪಿನ ಪಾಚಿಯಷ್ಟಿಲ್ಲ. ಪಾದರಸದವರೇ, ಉಂಗುರ ಬಿಸಿ ಮಾಡಿದರೆ ಬಣ್ಣ ವಾಪಸ್ ಬರುತ್ತಂತೆ.

ಹದಿಮೂರೂವರೆ ಪಟ್ಟು: ಬರುತ್ತೆ, ಜೊತೆಗೆ ವಿಷದ ಹೊಗೆಯೂ. ಇಂಥ ಸಲಹೆ ಓದಿ ಯಾರಾದರೂ ಅಡುಗೆ ಒಲೆ ಮೇಲೆ ಇಟ್ಟರೆ? ದಯವಿಟ್ಟು ಅಳಿಸಿ.

ಹೊಸಬ: ನಮ್ಮ ಸೂರು ಮೂರೇ ಮೀಟರ್...

ನೀರುಗಂಬ: ಸೂರಿಗೆ ತೂತು ಹೊಡೆಯಿರಿ. ನಾನು ಎರಡು ಹೊಡೆದೆ.